ಮಾತು ಬಿಟ್ಟವರು ಸಮುದ್ರಕ್ಕೆ ಹೋದದ್ದು

ಅಕ್ಟೋಬರ್ 12, ಶನಿವಾರ. ವಿಜಯದಶಮಿ. ರಾಯಚೂರು

ಬನ್ನಿ ಕೊಡಲು ಬಂದವರೆಲ್ಲ ಉಂಡು ಹೋದರು. ಇದು ಮಗ ಗೌತಮನ ಬಾಡಿಗೆ ಮನೆ. ನಮ್ಮದು ಎನ್ನುವ ಮನೆ ಸದ್ಯಕ್ಕೆ ಭೂಮಿಯ ಮೇಲೆ ಇಲ್ಲ. ಹೋದ ತಿಂಗಳು ಇವರು ಶಕ್ತಿನಗರದ ಕೆಲಸದಿಂದ ನಿವೃತ್ತರಾದರು, ಕ್ವಾರ್ಟರ್ಸಿನ ಕೀಲಿ ಕೊಟ್ಟು ಬಂದೆವು. ಈ ಡೈರಿ ಇವರಿಗೆ ಆಫೀಸಿನವರು ವರ್ಷ ವರ್ಷ ಕೊಡುತ್ತಿದ್ದದ್ದು. ಇವರು ಒಂದು ಸಾಲೂ ಬರೆದವರಲ್ಲ. ನಾನೂ ಬರೆದಿರಲಿಲ್ಲ. ಕ್ವಾರ್ಟರ್ಸಿನ ಗೋಡೆಯ ಆಚೆ ಕುಬ್ರಾ ಬೇಗಂ ಇದ್ದಳು, ಏನಿದ್ದರೂ ಅವಳ ಕಿವಿಗೆ ಹಾಕಿದರೆ ಎದೆ ಹಗುರಾಗುತ್ತಿತ್ತು. ಈಗ ಆ ಗೋಡೆ ಇಲ್ಲ, ಅದಕ್ಕೆ ಈ ಕಾಗದ.

ಮನೆ ಎಲ್ಲಿ ಕಟ್ಟಬೇಕು ಎನ್ನುವುದೇ ಈಗಿನ ತಕರಾರು. ನನಗೆ ರಾಯಚೂರು ಬೇಕು. ಮಗನ ಓಣಿಯ ಹಿಂದೆಯೇ ಜಾಗ ನೋಡಿದ್ದೇವೆ, ದವಾಖಾನೆ ಹತ್ತಿರ, ಅಮ್ಮನ ಗುಡಿ ಇನ್ನೂ ಹತ್ತಿರ. ಇವರ ತಂಗಿ ಹುಲಿಗೆಮ್ಮಗೆ ಗಬ್ಬೂರು ಬೇಕು. ಅಲ್ಲಿ ನಮ್ಮ ಮಾವನವರ ಮನೆ ಬಿದ್ದು ಬರೀ ಬಯಲು ಉಳಿದಿದೆ. ಅಣ್ಣ ಅಲ್ಲೇ ಕಟ್ಟಿದರೆ ತನಗೊಂದು ತವರು ಉಳಿಯುತ್ತದೆ ಎಂದು ಅವಳ ಹಟ. ಇವರು ಇಬ್ಬರಿಗೂ ಒಂದೇ ಮಾತು ಹೇಳಿದ್ದಾರೆ: “ನೀವಿಬ್ಬರೂ ಕೂಡಿ ಒಂದ ಊರು ಹೇಳ್ರಿ. ಹೇಳಿದಲ್ಲಿ ಪಾಯಾ ತೋಡಿಸ್ತೀನಿ.”

ಕೂಡಿ ಹೇಳುವುದು ಹೇಗೆ? ನಾನು, ಹುಲಿಗೆಮ್ಮ ಮಾತು ಬಿಟ್ಟು ಐದು ವರ್ಷ.

ಗೌತಮನ ಮದುವೆಯಲ್ಲಿ ಬಿಟ್ಟದ್ದು. ದೇವದುರ್ಗದಲ್ಲಿ ಮದುವೆ. ಹಳೆಯ ಶಾಸ್ತ್ರ ಯಾವುದೂ ಬೇಡವೆಂದು ಗೌತಮನ ಹಟ, ಹುಡುಗ ಹುಡುಗಿ ಇಬ್ಬರೂ ಬುದ್ಧ ವಂದನೆ ಮಾಡಿ ಹಾರ ಹಾಕಿಕೊಂಡರು, ಮುಗಿಯಿತು. ನಮ್ಮಲ್ಲಿ ಮದುಮಗನ ಮುಂದೆ ಕಳಸ ಹಿಡಿಯುವವಳು ಸೋದರತ್ತೆ. ಹುಲಿಗೆಮ್ಮ ಹುಣಸೆಹಣ್ಣು ಹಚ್ಚಿ ಕಳಸ ಬೆಳಗಿ ತಂದಿದ್ದಳು. ಯಾರೂ ಬಾ ಎನ್ನಲಿಲ್ಲ. ಊಟ ಮಾಡದೆ ಕಳಸ ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ಅತ್ತಿಗೆಯೇ ಬೇಕೆಂದು ಹೀಗೆ ಮಾಡಿಸಿದಳು ಎಂದು ಕವಿತಾಳದ ತನಕ ಹೇಳಿಕೊಂಡು ಹೋದಳಂತೆ. ನಾನೂ ಬಿಟ್ಟೆ. ಮೊದಲು ಅವಳು ಮಾತಾಡಲಿ.

ಇವರು ಮೂವತ್ತು ವರ್ಷ ಕಲ್ಲಿದ್ದಲಿನ ವ್ಯಾಗನ್ ಎಳೆಯುವ ಎಂಜಿನ್ ಓಡಿಸಿದವರು. ಅದು ಹೋಗುತ್ತಿದ್ದದ್ದು ಕಾಂಪೌಂಡಿನ ಈ ಗೋಡೆಯಿಂದ ಆ ಗೋಡೆಗೆ. ಈಗ ಹಳಿ ಇಲ್ಲದ ಕಡೆ ಹೋಗಬೇಕಂತೆ, ಸಮುದ್ರದ ದಂಡೆ ಹಿಡಿದು. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ತಂದು ಮಾನ್ವಿಯ ಬಂದೇನವಾಜ್ ಗ್ಯಾರೇಜಿಗೆ ಬಿಟ್ಟಿದ್ದರು, ಮನೆ ಮಾಡಿಕೊಡು ಎಂದು. ನಾಳೆ ಹೊರಡುತ್ತೇವೆ. ನಾವಿಬ್ಬರು, ಗೌತಮ, ಸೊಸೆ ವಿಶಾಖಾ. ಈಗ ಮಲಗುವ ಹೊತ್ತಿಗೆ ಇವರು ಹೇಳಿದರು, ಹುಲಿಗೆಮ್ಮನೂ ಬರುತ್ತಾಳಂತೆ.

ಬೇಕೆಂದೇ ಕೊನೆಗೆ ಹೇಳಿದರು.

ಅಕ್ಟೋಬರ್ 13, ಭಾನುವಾರ. ಮಾನ್ವಿ, ಕವಿತಾಳ

ಗಾಡಿ ಪರವಾಗಿಲ್ಲ. ಎರಡು ಕಡೆ ಹಲಗೆಯ ಮಂಚ, ಹಿಂದೆ ಗ್ಯಾಸಿನ ಒಲೆ, ಮೇಲೆ ನೀರಿನ ಟಾಕಿ. ಇವರು ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡೋಣ ಎಂದರು. ಒಲೆ ಇದ್ದಮೇಲೆ ಅದು ಬರೀ ಗಾಡಿಯಲ್ಲ, ಹಾಲು ಉಕ್ಕಿಸದೆ ನಾನು ಒಳಗೆ ಕಾಲಿಡುವುದಿಲ್ಲ ಎಂದೆ. ಉಕ್ಕಿಸಿದೆ. ಹಾಲು ಉಕ್ಕಿ ಒಲೆ ಆರಿಸಿ ಹೊಸ ತಗಡಿನ ಮೇಲೆಲ್ಲ ಹರಿಯಿತು.

ಬಂದೇನವಾಜ್ ಅರಿವೆ ತಂದು ಒರೆಸಿದ. “ತಾಯಣ್ಣ ಭಾಯ್, ಇಷ್ಟು ವರ್ಷ ಗಾಡಿಗೆ ಡೀಸೆಲ್ ಕುಡಿಸಿದ್ದು ಕಂಡೀನಿ. ಹಾಲು ಕುಡಿಸಿದ್ದು ಇವತ್ತ ನೋಡಿದೆ” ಎಂದ. ಇವರಿಗೆ ಎಂಜಿನ್ ಸದ್ದಿನಲ್ಲಿ ಕಿವಿ ಮಂದವಾಗಿದೆ. “ಡೀಸೆಲ್ ಹಾಕ್ಸೀನಿ ಬಿಡಪ್ಪಾ” ಎಂದರು.

ವಿಶಾಖಾ ಮುಂದೆ ಪುಟ್ಟ ಬುದ್ಧನನ್ನು ಇಟ್ಟಳು. ನಾನು ಪಕ್ಕದಲ್ಲಿ ಗುಡಿಯ ಅಮ್ಮನ ಫೋಟೋ ಇಟ್ಟೆ. ಇಬ್ಬರಿಗೂ ಜಾಗ ಸಾಕಾಯಿತು.

ಕವಿತಾಳದಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಅದೇ ಹಿತ್ತಾಳೆ ಕಳಸ. ಕುಡಿಯುವ ನೀರಿಗೆ ಎಂದು ನೆಪ. ನನ್ನ ಕಣ್ಣಿಗೆ ಬೀಳಲಿ ಎಂದೇ ತಂದದ್ದು, ನನಗೆ ಗೊತ್ತು.

“ಅಣ್ಣಾ, ಬಾಗಲದಾಗ ಕುಂತವ್ರು ಸ್ವಲ್ಪ ಸರದ್ರ ನಾ ಏರ್ತೀನಿ” ಎಂದಳು.

“ಹೇಳ್ರಿ ಅಕಿಗೆ, ಎಮ್ಮಿ ಹೋಗುವಷ್ಟು ಜಾಗ ಅದ” ಎಂದೆ.

ಇವರಿಗೆ ಎರಡೂ ಕೇಳಿಸಲಿಲ್ಲ. ಅವಳು ಕೊನೆಯ ಸೀಟಿಗೆ ಹೋಗಿ ಕೂತಳು.

ಅಕ್ಟೋಬರ್ 14, ಸೋಮವಾರ. ಹುಬ್ಬಳ್ಳಿ ದಾಟಿ

ನಾನು ದಾರಿಗೆ ಖಡಕ್ ರೊಟ್ಟಿ ಮಾಡಿ ತಂದಿದ್ದೇನೆ. ಅವಳೂ ತಂದಿದ್ದಾಳೆ. ನಾನು ನನ್ನದು ತಿನ್ನುತ್ತೇನೆ, ಅವಳು ಅವಳದು. ಇವರು ತಂಗಿ ಕೊಟ್ಟದ್ದೂ ತಿನ್ನಬೇಕು, ನಾನು ಬಡಿಸಿದ್ದೂ ತಿನ್ನಬೇಕು. ಮಧ್ಯಾಹ್ನ ಬೆಲ್ಟು ಸಡಿಲು ಮಾಡಿಕೊಂಡು ಕೂತಿದ್ದರು.

ಮಾತೆಲ್ಲ ವಿಶಾಖಾಳ ಮೂಲಕ. “ವಿಶಾಖಾ, ಶೇಂಗಾ ಹಿಂಡಿ ಈ ಕಡೆ ಕೊಡ್ಸು.” “ವಿಶಾಖಾ, ಅಕಿ ಹಿಂಡ್ಯಾಗ ಉಪ್ಪು ಹೆಚ್ಚದ ಅಂತ ಹೇಳು.” ಗಾಡಿಯೊಳಗೆ ನಮ್ಮಿಬ್ಬರ ನಡುವೆ ಇರುವುದು ಒಂದು ಮಾರು ಜಾಗ. ಆ ಹುಡುಗಿ ದವಾಖಾನೆಯಲ್ಲಿ ನರ್ಸ್, ತಾಳ್ಮೆ ಬಹಳ. ಆದರೂ ಸಂಜೆಗೆ ಮುಖ ಸಣ್ಣದಾಗಿತ್ತು.

ಅಕ್ಟೋಬರ್ 15, ಮಂಗಳವಾರ. ಗೋಕರ್ಣ

ಸಮುದ್ರ ಕಂಡೆ. ಕೈ ಮುಗಿದೆ. ಬೇರೆ ಏನು ಬರೆಯಬೇಕು ತಿಳಿಯದು. ನನ್ನ ಏಳನೆಯ ಇಯತ್ತೆಯ ಪುಸ್ತಕದಲ್ಲಿ ಒಂದು ಚಿತ್ರವಿತ್ತು, ಅದರಲ್ಲಿ ಸದ್ದು ಇರಲಿಲ್ಲ.

ದೇವರ ದರ್ಶನ ಚೆನ್ನಾಗಿ ಆಯಿತು. ಸಾಲಿನಲ್ಲಿ ನನ್ನ ಹಿಂದೆಯೇ ಅವಳು. ಮಂಡಿ ಹಿಡಿದು ನಾನು ಮೆಟ್ಟಿಲ ಹತ್ತಿರ ನಿಂತಾಗ ಯಾರೋ ಹಿಂದಿನಿಂದ ತೋಳಿಗೆ ಆಸರೆ ಕೊಟ್ಟರು. ತಿರುಗಿ ನೋಡಲಿಲ್ಲ. ಜನಜಂಗುಳಿಯಲ್ಲಿ ಯಾರಾದರೂ ಇರಬಹುದು.

ಹೊರಗೆ ಬಂದು ವಿಶಾಖಾ ಹೇಳಿದಳು: “ಅತ್ತಿ, ದೊಡ್ಡತ್ತಿ, ಇಬ್ರೂ ಕೇಳ್ರಿ. ನಾಳಿಯಿಂದ ಟಪಾಲು ಬಂದ್. ನಂಗೂ ರಜಾ ಬೇಕು.”

“ಅಕಿಗೆ ಹೇಳು, ಹಂಗಾದ್ರ ನಾ ಸುಮ್ನ ಕುಂದ್ರತೀನಿ ಅಂತ” ಎಂದಳು ಹುಲಿಗೆಮ್ಮ.

“ದೊಡ್ಡತ್ತಿ, ಅದೂ ಟಪಾಲ.”

ಗೌತಮ ಬಿದ್ದು ಬಿದ್ದು ನಕ್ಕ. ಮದುವೆಯಲ್ಲಿ ಕಿಚ್ಚು ಹಚ್ಚಿದ ಮಗ, ಈಗ ಹಲ್ಲು ತೋರಿಸುತ್ತಾನೆ.

ಅಕ್ಟೋಬರ್ 16, ಬುಧವಾರ. ಕುಮಟೆಯ ಹತ್ತಿರ

ಇವತ್ತು ಅನಾಹುತವಾಯಿತು. ರೊಟ್ಟಿ ಮೆತ್ತಗಾದವು.

ರಾಯಚೂರಿನಲ್ಲಿ ತಿಂಗಳು ಇಟ್ಟರೂ ಹಪ್ಪಳದ ಹಾಗೆ ಮುರಿಯುವ ರೊಟ್ಟಿ. ಗಂಟು ಬಿಚ್ಚಿ ಒಂದನ್ನು ಎತ್ತಿದರೆ ಒದ್ದೆ ಟವೆಲಿನ ಹಾಗೆ ಜೋತು ಬಿತ್ತು. ಎರಡು ಕೈಯಲ್ಲಿ ಹಿಡಿದು ಮುರಿದೆ, ಮುರಿಯಲಿಲ್ಲ, ಮಡಚಿಕೊಂಡಿತು. ನನಗೆ ಮೊದಲು ಬಂದ ಯೋಚನೆ ಬರೆಯಲು ನಾಚಿಕೆ, ಹುಲಿಗೆಮ್ಮನೇ ನೀರು ಚಿಮುಕಿಸಿದ್ದಾಳೆ ಎಂದುಕೊಂಡೆ. ಅವಳ ಕಡೆ ನೋಡಿದರೆ ಅವಳೂ ಒಂದು ರೊಟ್ಟಿ ಹಿಡಿದು ನನ್ನನ್ನೇ ಗುರಾಯಿಸುತ್ತಿದ್ದಾಳೆ. ಅವಳದೂ ಜೋತು ಬಿದ್ದಿತ್ತು.

ಗಾಡಿ ನಿಲ್ಲಿಸಲು ಅಂಗಳ ಕೊಟ್ಟ ಮನೆಯ ಹೆಂಗಸು ಬೇಲಿಯಾಚೆಯಿಂದ ನೋಡಿ, “ಇಲ್ಲಿ ಗಾಳಿಯೇ ಹಾಗೆ ಮಾರಾಯ್ತಿ, ಉಪ್ಪೇ ನೀರಾಗ್ತದೆ, ನಿಮ್ಮ ರೊಟ್ಟಿ ಯಾವ ಲೆಕ್ಕ” ಎಂದಳು.

ಎರಡು ಗಂಟು ರೊಟ್ಟಿ. ಅನ್ನ ಚೆಲ್ಲಬಾರದು, ದೇವರು ಮೆಚ್ಚುವುದಿಲ್ಲ. ನಾನು ಒಲೆ ಹಚ್ಚಿ ಹಂಚು ಇಟ್ಟು, “ಹುಲಿಗೆವ್ವಾ, ನಿನ್ನವೂ ತಗೊಂಬಾ, ಬಿಸಿ ಮಾಡಿ ತೆಗದ್ರ ಇವತ್ತಿಗೆ ನಡೀತದ” ಎಂದೆ.

ಅವಳು ತಂದಳು. ನಾನು ಹಾಕುವುದು, ಅವಳು ಅರಿವೆಯಿಂದ ಒತ್ತುವುದು. ಯಾರದು ಯಾವುದು ಎನ್ನುವ ಲೆಕ್ಕ ತಪ್ಪಿತು. ಅವಳ ರೊಟ್ಟಿ ತೆಳ್ಳಗಿವೆ, ನನ್ನವಕ್ಕಿಂತ ತೆಳ್ಳಗೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಬಿಸಿಯಾದ ರೊಟ್ಟಿ ಬುಟ್ಟಿಗೆ ಹೋಗುವಷ್ಟರಲ್ಲಿ ಮತ್ತೆ ಮೆತ್ತಗಾಗುತ್ತಿತ್ತು. “ಇವು ನಮ್ಮ ಮನ್ಯಾಗಿನ ಗಂಡಸರಿದ್ದಂಗ, ಬೆಂಕಿ ಮುಂದ ಇದ್ದಷ್ಟ ಹೊತ್ತು ಖಡಕ್” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಇವರು ಏನು ಏನು ಎಂದು ಕೇಳಿದರು. ಯಾರೂ ಹೇಳಲಿಲ್ಲ.

ಅಕ್ಟೋಬರ್ 17, ಗುರುವಾರ. ಸೀಗಿ ಹುಣ್ಣಿಮೆ. ಅದೇ ಊರು

ಇವತ್ತು ಊರಲ್ಲಿದ್ದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವ ದಿನ. ಬೆಳಗ್ಗೆ ಎದ್ದವಳೇ ನನಗೆ ಚಡಪಡಿಕೆ. ಇಲ್ಲಿ ಹೊಲ ಎಲ್ಲಿಂದ ತರಲಿ? ಹುಲಿಗೆಮ್ಮ ಆಗಲೇ ಕಡುಬಿಗೆ ಹಿಟ್ಟು ನಾದಿದ್ದಳು. ಕಡುಬು, ಪುಂಡಿಪಲ್ಲೆ, ಮೊಸರನ್ನ, ಎಲ್ಲ ಆಯಿತು. ಪುಂಡಿ ಸೊಪ್ಪು ಅವಳು ಕವಿತಾಳದಿಂದ ಒಣಗಿಸಿ ತಂದದ್ದು. ನನಗೆ ಅದು ಹೊಳೆದಿರಲಿಲ್ಲ.

ದಂಡೆಗೆ ಹೋದೆವು. ದೋಣಿಯವರು ಬಲೆ ಎಳೆಯುತ್ತಿದ್ದರು. ಹುಲಿಗೆಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, “ಇವ್ರ ಹೊಲ ಇದ ಅಲ್ಲೇನ ಅತ್ತಿಗಿ? ಹರಗಂಗಿಲ್ಲ, ಬಿತ್ತಂಗಿಲ್ಲ, ಆದ್ರೂ ಇದ ಇವ್ರಿಗೆ ಉಣ್ಣಾಕ ಕೊಡತದ. ಇದಕ್ಕ ಚೆಲ್ಲೋಣ” ಎಂದಳು.

ನನಗೂ ಸರಿ ಎನಿಸಿತು. ಭೂಮಿತಾಯಿಗೆ ಸಂದದ್ದು ಗಂಗಮ್ಮಗೂ ಸಲ್ಲಬೇಕು. ಕಳಸಕ್ಕೆ ನೀರು ತುಂಬಿ ಅರಿಷಿಣ ಕುಂಕುಮ ಹಚ್ಚಿ ಉಸುಕಿನ ಮೇಲೆ ಇಟ್ಟೆವು. ಇವರು ಮುಂದೆ ನಡೆದು ಚೆಲ್ಲಿದರು, ನಾವು ಹಿಂದೆ. ಒಂದು ಕಡುಬು ಅಲೆ ತಗೊಂಡಿತು, ಒಂದು ನಾಯಿ ತಗೊಂಡಿತು. ಬಲೆ ಎಳೆಯುವವರಲ್ಲಿ ಒಬ್ಬ ಮುದುಕ ಕೈ ಚಾಚಿದ, ಅವನಿಗೂ ಕೊಟ್ಟೆವು. ಅವನು ತಿಂದು, ನಾಳೆಯೂ ಬನ್ನಿ ಎಂದ.

ಹಾಗೆ ನಗುತ್ತಿರುವಾಗ ದೊಡ್ಡದೊಂದು ಅಲೆ ಬಂತು. ನಮ್ಮ ಸೀರೆಯೆಲ್ಲ ಮಂಡಿಯ ತನಕ ತೊಯ್ದವು. ಅಲೆ ಹಿಂದೆ ಸರಿದಾಗ ಕಳಸ ಇರಲಿಲ್ಲ.

ಹುಲಿಗೆಮ್ಮ ಕಳಸ ಇದ್ದ ಜಾಗವನ್ನೇ ನೋಡುತ್ತ ನಿಂತಳು. ಆ ಮುಖವನ್ನು ನಾನು ಐದು ವರ್ಷದ ಹಿಂದೆ ದೇವದುರ್ಗದ ಮಂಟಪದಲ್ಲಿ ನೋಡಿದ್ದೆ, ಅವತ್ತು ಬೇರೆ ಕಡೆ ತಿರುಗಿದ್ದೆ. ಇವತ್ತು ಹೇಗೆ ಓಡಿದೆನೋ ಗೊತ್ತಿಲ್ಲ. ಮಂಡಿನೋವು ನೆನಪೇ ಆಗಲಿಲ್ಲ. ಇವರೂ ಓಡಿದರು, ಗೌತಮನೂ ಪ್ಯಾಂಟು ಏರಿಸದೆ ಓಡಿದ. ಹಿತ್ತಾಳೆ ಒಮ್ಮೆ ಫಳಕ್ ಎಂದು ಹೊಳೆಯಿತು, ಮತ್ತೆ ಇಲ್ಲ. ವಿಶಾಖಾ ಎದೆಮಟ್ಟ ನೀರಿಗೆ ಹೋಗಿ ಬಗ್ಗಿ ತಡಕಿ ತಡಕಿ ಅದನ್ನು ಎತ್ತಿದಳು. ಎರಡು ಕೈಯಲ್ಲಿ ಎದೆಗೆ ಒತ್ತಿಕೊಂಡು ನಡೆದು ಬಂದಳು, ತಲೆಯಿಂದ ನೀರು ಸುರಿಯುತ್ತಿತ್ತು.

“ಐದು ವರ್ಷ ತಡ ಆತು” ಎಂದಳು ಹುಲಿಗೆಮ್ಮ, “ಆದ್ರ ಕಳಸ ಮದುಮಗಳ ತನಕ ಬಂತು ನೋಡು.”

ವಿಶಾಖಾಗೆ ಅರ್ಥವಾಗಲಿಲ್ಲ. ಗಾಡಿಗೆ ಬಂದು ಸೀರೆ ಒಣಗಿಸುತ್ತ ಅವಳು ಕೇಳಿದಳು, ಹುಲಿಗೆಮ್ಮ ಹೇಳಿದಳು. “ಅಯ್ಯ ದೊಡ್ಡತ್ತಿ, ಹಿಡೀತೀನಿ ಅಂದಿದ್ರ ಯಾರು ಬ್ಯಾಡಂತಿದ್ರು? ನಮಗ ಗೊತ್ತ ಇರಲಿಲ್ಲ” ಎಂದಳು ಸೊಸೆ. “ನಾ ಯಾಕ ಕೇಳಲಿ? ಮನಿ ಹಿರೇರು ಕರೀಬೇಕಲ್ಲ” ಎಂದು ಅವಳು ನನ್ನ ಕಡೆ ನೋಡಿದಳು.

ಆಗ ನಾನು ಹೇಳಿದೆ. “ನನ್ನ ಕರದವ್ರು ಯಾರದಾರ? ಹೆತ್ತ ಮಗನ ತಲಿ ಮ್ಯಾಲೆ ಹಾಕಾಕ ನಾಲ್ಕು ಅಕ್ಕಿಕಾಳು ಕೊಡ್ರಿ ಅಂದ್ರ ಹೂವಿನ ಪಕಳಿ ಕೈಗೆ ಕೊಟ್ರು. ನಾನೂ ಅವತ್ತು ಉಂಡಿಲ್ಲ ಹುಲಿಗೆವ್ವಾ. ಉಗ್ರಾಣದ ಕೋಣ್ಯಾಗ ಕುಂತಿದ್ದೆ.”

ಅವಳು ಬಹಳ ಹೊತ್ತು ಸೆರಗು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಉಳಿದಿರಲಿಲ್ಲ. “ನೀನೂ ಉಂಡಿದ್ದಿಲ್ಲಾ? ಮತ್ತ ಹೇಳಬಾರದಿತ್ತಾ? ಇಬ್ರೂ ಕೂಡಿ ಒಂದ ಬಸ್ಸಿಗೆ ಹೋಗತಿದ್ವಿ” ಎಂದಳು.

ಗೌತಮ ಗಾಡಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾನೆ. ಒಳಗೆ ಬಂದು ಇಬ್ಬರಿಗೂ ಚಹಾ ಕೊಟ್ಟ. ಸಕ್ಕರೆ ಮರೆತಿದ್ದ. ಕುಡಿದೆವು.

ಅಕ್ಟೋಬರ್ 18, ಶುಕ್ರವಾರ. ಮುರ್ಡೇಶ್ವರ

ಬೆಳಗ್ಗೆ ಕುಮಟೆಯ ಪೇಟೆಯಲ್ಲಿ ಒಂದು ಕುಪ್ಪಸದ ಖಣ ತೆಗೆದುಕೊಂಡೆ, ಹಸಿರು, ಕೆಂಪು ದಡಿ. ಯಾರಿಗೆಂದು ನಿಶ್ಚಯಿಸಿಲ್ಲ. ಇದ್ದರೆ ಯಾರಿಗಾದರೂ ಆಗುತ್ತದೆ. ಒಂದು ಕಾಯಿ, ಎರಡು ಸೇರು ಕುಸಬಲಕ್ಕಿಯನ್ನೂ ಕೊಂಡೆವು. ಕೆಂಪಗಿದೆ, ಹುಲಿಗೆಮ್ಮ ರುಚಿ ನೋಡಬೇಕೆಂದಳು.

ಮಧ್ಯಾಹ್ನ ಇವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು. “ಅಲ್ಲ, ನೀವಿಬ್ರೂ ಯಾವಾಗಿಂದ ಮಾತಾಡಾಕತ್ತೀರಿ?”

“ಅತ್ತಿಗೀನ ಮದಲ ಮಾತಾಡಿದ್ಲು” ಎಂದಳು ಅವಳು.

ಎಂಥ ಸುಳ್ಳು. ಅವಳೇ ಮೊದಲು ಮಾತಾಡಿದ್ದು, ರೊಟ್ಟಿ ಮಾಡುವಾಗ, ಗಂಡಸರ ಬಗ್ಗೆ ಏನೋ ಅಂದಳಲ್ಲ, ಆಗ. ನನಗೆ ಚೆನ್ನಾಗಿ ನೆನಪಿದೆ. ಅವಳ ಮುಖದ ಮೇಲೆ ಹಾಗೇ ಹೇಳಿದೆ. ವಿಶಾಖಾಳನ್ನು ಸಾಕ್ಷಿ ಕೇಳಿದರೆ ಅವಳು ಟಪಾಲು ಬಂದ್ ಇದೆ ಎಂದು ಕಿಟಕಿಯಾಚೆ ತಿರುಗಿಬಿಟ್ಟಳು.

ಅಕ್ಟೋಬರ್ 19, ಶನಿವಾರ. ವಾಪಸು ಬರುವ ದಾರಿ

ಘಟ್ಟ ಏರಿ ಬಂದೆವು. ಗಾಳಿ ಒಣಗುತ್ತ ಬಂದ ಹಾಗೆ ಮೈ ಹಗುರವಾಯಿತು. ಒಂದು ಡಾಬಾದ ಮುಂದೆ ಗಾಡಿ ನಿಲ್ಲಿಸಿ ಇವರು ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು. “ಸಮುದ್ರ ನೋಡಿದ್ದಾತು. ಈಗ ಹೇಳ್ರಿ. ಮನಿ ಎಲ್ಲಿ?”

ನಾನು “ಗಬ್ಬೂರು” ಎಂದೆ. ಅದೇ ಉಸಿರಿಗೆ ಹುಲಿಗೆಮ್ಮ “ರಾಯಚೂರು” ಎಂದಳು.

ಇವರು ನಮ್ಮಿಬ್ಬರನ್ನೂ ನೋಡಿ, ಕಿವಿ ಇನ್ನಷ್ಟು ಕೆಟ್ಟಿತೇ ಎಂದು ಗೌತಮನನ್ನು ಕೇಳಿದರು.

“ಹೆಣ್ಣಮಗಳಿಗೆ ತವರು ಬ್ಯಾಡೇನ್ರಿ?” ಎಂದೆ. “ಕವಿತಾಳದಿಂದ ಗಬ್ಬೂರಿಗಾದ್ರ ಬಂದು ನಾಲ್ಕು ದಿನ ಇದ್ದು ಹೋಗ್ತಾಳ. ಹುಟ್ಟಿದ ಜಾಗ ಅದು.”

“ಅಕಿ ಮಾತು ಕೇಳಬ್ಯಾಡಣ್ಣಾ. ಮಂಡಿ ನೋಡು ಹೆಂಗದ. ಗೋಕರ್ಣದಾಗ ನಾ ಹಿಡದಿದ್ದಿಲ್ಲಂದ್ರ ದೇವರ ಪಾದಕ್ಕ ಉರಳಿಕೋತ ಹೋಗತಿದ್ಲು. ಮಗ ಸೊಸಿ ಹತ್ರ ಇರಲಿ. ಸೊಸಿ ನರ್ಸ್ ಅದಾಳ. ಗಬ್ಬೂರಾಗ ಯಾರು ನೋಡ್ತಾರ ಅಕಿನ್ನ?”

“ನನ್ನ ಮಂಡಿ ಉಸಾಬರಿ ನಿನಗ್ಯಾಕ ಬೇ?”

“ಮತ್ತ ನನ್ನ ತವರಿನ ಉಸಾಬರಿ ನಿನಗ್ಯಾಕ?”

ಡಾಬಾದವನು ಚಹಾ ತಂದವನು ದೂರವೇ ನಿಂತ. ಇವರು ತಲೆ ಹಿಡಿದುಕೊಂಡು, “ಮಾತು ಬಿಟ್ಟಾಗ ಚಲೋ ಇದ್ರಿ” ಎಂದರು.

ಅಕ್ಟೋಬರ್ 20, ಭಾನುವಾರ. ಕವಿತಾಳ, ರಾಯಚೂರು

ಮಧ್ಯಾಹ್ನ ಕವಿತಾಳಕ್ಕೆ ಬಂದೆವು. ಅವಳು ಗಂಟು ಎತ್ತಿಕೊಂಡು ಇಳಿಯಲು ಎದ್ದಳು.

“ಕುಂದ್ರು” ಎಂದೆ.

“ಯಾಕ?”

“ಅಣ್ಣನ ಮನಿಯಿಂದ ಬರೇ ಉಡೀಲೆ ಹೋಗ್ತಾರೇನು?”

ಅವಳು ಸುತ್ತ ನೋಡಿದಳು, ಹಲಗೆ, ಒಲೆ, ಹಗ್ಗದ ಮೇಲೆ ಒಣಗುತ್ತಿದ್ದ ಇವರ ಬನಿಯನ್ನು. ಹಲಗೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತು ಸೆರಗು ಹಿಡಿದಳು. ಕುಂಕುಮ ಹಚ್ಚಿದೆ. ಖಣ ಇಟ್ಟೆ, ಕಾಯಿ ಇಟ್ಟೆ, ಎಲೆ ಅಡಿಕೆ, ಅರಿಷಿಣದ ಕೊಂಬು. ಬಿಳಿ ಅಕ್ಕಿ ತೀರಿತ್ತು, ಆ ಕೆಂಪು ಅಕ್ಕಿಯನ್ನೇ ಬೊಗಸೆ ಬೊಗಸೆ ಹಾಕಿದೆ. ಕುದಿಸಿ ಮಾಡಿದ ಅಕ್ಕಿ ಉಡಿಗೆ ನಡೆಯುತ್ತದೋ ಇಲ್ಲವೋ, ಅಮ್ಮನಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ವಿಶಾಖಾ ತಾನೂ ಹಾಕುತ್ತೇನೆ ಎಂದು ಬಂದು ಒಂದು ಬೊಗಸೆ ಹಾಕಿದಳು. ಎಷ್ಟು ಹಾಕಬೇಕು ಎಂದು ಗೊತ್ತಿಲ್ಲದೆ ಅರ್ಧ ಕೆಳಗೆ ಚೆಲ್ಲಿದಳು.

“ಅತ್ತಿಗಿ, ಕೇಳು” ಎಂದಳು ಹುಲಿಗೆಮ್ಮ, ಉಡಿ ಕಟ್ಟಿಕೊಳ್ಳುತ್ತ. “ಮನಿ ರಾಯಚೂರಾಗ ಕಟ್ರಿ. ನಾ ಇನ್ನ ಆ ಮಾತು ಎತ್ತಂಗಿಲ್ಲ. ಆದ್ರ ಹೊಸ ಮನಿ ಹೊಗೋ ದಿನ ಕಳಸ ನಂದು. ಬುದ್ಧನ್ನ ಇಡ್ರಿ, ಅಮ್ಮನ್ನ ಇಡ್ರಿ, ಕಳಸ ಹಿಡದು ಮುಂದ ನಡಿಯಾಕಿ ನಾ.”

“ಮತ್ಯಾರು ಹಿಡೀತಾರ” ಎಂದೆ.

ಗೌತಮ ಮುಂದಿನ ಸೀಟಿನಿಂದ, “ದೊಡ್ಡತ್ತಿ, ಕರಿಯಾಕ ನಾನ ಬರ್ತೀನಿ” ಎಂದ. ಐದು ವರ್ಷದಲ್ಲಿ ಅವನು ಆಡಿದ ಒಳ್ಳೆಯ ಮಾತು ಅದು.

ಗಬ್ಬೂರಿನ ಬಯಲನ್ನು ಮಾರುವುದಿಲ್ಲ ಎಂದು ಇವರಿಂದ ಮಾತು ತೆಗೆದುಕೊಂಡಿದ್ದೇನೆ. ಯುಗಾದಿಗೆ ಈ ಗಾಡಿಯನ್ನೇ ಅಲ್ಲಿ ತಂದು ನಿಲ್ಲಿಸಿದರೆ ನಾಲ್ಕು ದಿನ ಇರಬಹುದು. ಒಲೆ ಇದೆ, ನೀರಿದೆ.

ಇಳಿಯುವಾಗ ಅವಳು ಬಾಗಿಲಲ್ಲಿ ನಿಂತು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಒಳಗೆ ಚೆಲ್ಲಿದಳು. ತವರು ತುಂಬಿರಲಿ ಎಂದು ಹೆಣ್ಣುಮಕ್ಕಳು ಹಾಗೆ ಬಿಟ್ಟು ಹೋಗುತ್ತಾರೆ. ಆಮೇಲೆ ತುಂಬಿದ ಉಡಿ ಹಿಡಿದು ಮನೆಗೆ ನಡೆದಳು. ತಿರುಗಿ ನೋಡಲಿಲ್ಲ, ಎರಡೂ ಕೈ ತುಂಬಿದ್ದವು.

ಅಕ್ಟೋಬರ್ 22, ಮಂಗಳವಾರ. ರಾಯಚೂರು

ಬೆಳಗ್ಗೆ ಹುಲಿಗೆಮ್ಮನ ಫೋನು. ಕೆಂಪು ಅಕ್ಕಿ ಎಷ್ಟು ಕುದಿಸಿದರೂ ಬೇಯುತ್ತಿಲ್ಲವಂತೆ. ಅದರಿಂದ ಶುರುವಾಗಿ ಒಂದು ತಾಸು ಮಾತಾಡಿದೆವು, ಈ ಡೈರಿ ಬರೆಯಲು ಹೊತ್ತೇ ಸಿಗಲಿಲ್ಲ.

ಆಮೇಲೆ ಗಾಡಿಯ ಕಸ ಗುಡಿಸಿದೆ. ಉಸುಕು ಮೊರಗಟ್ಟಲೆ ಬಂತು. ಬಾಗಿಲ ಹತ್ತಿರ ಅಕ್ಕಿಕಾಳು ಬಿದ್ದಿದ್ದವು, ಅಷ್ಟು ಬಿಟ್ಟು ಗುಡಿಸಿದೆ. ಇವರು ಹೊರಗೆ ನಿಂತು ನೋಡುತ್ತಿದ್ದರು.

“ಅಲ್ಲಿ ಉಳದದ ನೋಡು” ಎಂದರು.

“ಕಾ‌ಣ್ತದ್ರಿ” ಎಂದೆ.